ಕಂಪ್ಯೂಟರ್ ಕೆಟ್ಟಿದೆ ಎಂದರೆ ಮೊದಲು ರಿಲೇ ನೋಡಿರಿ
(ಠಾಣೆಯಲ್ಲಿ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸುಗಳ ಮಾತು ಬಿಟ್ಟು ಇಂದು ಮೋಟಾರು ಗಾಡಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಮಿಲ್ಲು ಮುಷ್ಕರದ ಬಳಿಕ ಕೆಲಸ ಕಳೆದುಕೊಂಡ ಮನೆಗಳಲ್ಲಿ ಎಷ್ಟೋ ಮಕ್ಕಳು ಸ್ಟಿಯರಿಂಗ್ ಹಿಡಿದರು. ಹೊಟೇಲಿನ ನಮ್ಮ ಹುಡುಗರೂ ಸಾಲ ಮಾಡಿ ಟ್ಯಾಕ್ಸಿ ತೆಗೆದಿದ್ದಾರೆ. ಗಾಡಿ ಒಂದು ದಿನ ನಿಂತರೆ ಆ ದಿನದ ಗಳಿಕೆ ಹೋಯಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಹಿಂದಿನ ಪ್ರೀಮಿಯರ್ ಪದ್ಮಿನಿಯಲ್ಲಿ ಪಾಯಿಂಟ್ ಕಪ್ಪಾದರೆ ಪಾಲಿಶ್ ಕಾಗದದಿಂದ ಉಜ್ಜಿಕೊಂಡು ಹೊರಡುತ್ತಿದ್ದರು. ಆ ಟ್ಯಾಕ್ಸಿ 2023ರ ಅಕ್ಟೋಬರಿಗೆ ಮುಂಬಯಿಯಲ್ಲಿ ಮುಗಿಯಿತು. ಈಗಿನ ಗಾಡಿಯಲ್ಲಿ ಪೆಟ್ರೋಲು ಎಷ್ಟು ಹೋಗಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ಇ.ಸಿ.ಯು. ಎಂಬ ಕಂಪ್ಯೂಟರ್ ನಿರ್ಧರಿಸುತ್ತದೆ. "ಕಂಪ್ಯೂಟರ್ ಹೋಗಿದೆ" ಎಂದು ಗ್ಯಾರೇಜಿನವನು ಹೇಳಿದ ಕೂಡಲೆ ನಮ್ಮವರ ಬಾಯಿ ಕಟ್ಟುತ್ತದೆ.

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಬಂಧುವೊಬ್ಬನ ಗಾಡಿ ಕಲ್ಯಾಣ–ಶಿಳ್ ರಸ್ತೆಯಲ್ಲಿ ನಿಂತಿತು. ಗ್ಯಾರೇಜಿನವನು ಸ್ಕ್ಯಾನರ್ ಜೋಡಿಸಿದ. ಕಂಪ್ಯೂಟರ್ ಉತ್ತರ ಕೊಡಲಿಲ್ಲ. "ಸತ್ತಿದೆ, 32,000 ರೂಪಾಯಿ ಆಗುತ್ತದೆ" ಎಂದ. ಮನೆಯಲ್ಲಿ ಹೆಂಡತಿಯ ಸರ ಅಡವಿಡುವ ಮಾತು ನಡೆಯಿತು. ಅಷ್ಟರಲ್ಲಿ ಮಿಲ್ಲಿನಲ್ಲಿ ವೈರ್‌ಮನ್ ಆಗಿದ್ದ ನಮ್ಮ ಹಿರಿಯರೊಬ್ಬರು ಮೀಟರ್ ಹಿಡಿದು ಹೋದರು. ಮೆಯಿನ್ ರಿಲೇ ಕೂರುವ ಸಾಕೆಟ್ಟಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ತೆಗೆದು ಹೊಸ ರಿಲೇ ಹಾಕಿದರು; ಗಾಡಿ ಎದ್ದಿತು. ಖರ್ಚು 300 ರೂಪಾಯಿಯೊಳಗೆ. ಕಂಪ್ಯೂಟರ್ ಸತ್ತಿರಲಿಲ್ಲ, ಅದಕ್ಕೆ ಕರೆಂಟೇ ಹೋಗುತ್ತಿರಲಿಲ್ಲ. ಅನೇಕ ಗಾಡಿಗಳಲ್ಲಿ ಕಂಪ್ಯೂಟರಿಗೆ ಕರೆಂಟು ಈ ಮೆಯಿನ್ ರಿಲೇಯಿಂದಲೇ ಬರಬೇಕು. ಬಾರದಿದ್ದರೆ ಸ್ಕ್ಯಾನರಿಗೆ ಉತ್ತರ ಕೊಡುವವರು ಯಾರು?

ರಿಲೇ ಎಂದರೆ ಹೊಟೇಲಿನ ಮಾಣಿಯಂತೆ. ಗಲ್ಲಾದಲ್ಲಿ ಕುಳಿತ ಯಜಮಾನರು ಹಂಡೆ ಎತ್ತುವುದಿಲ್ಲ. ಒಂದು ಮಾತು ಹೇಳುತ್ತಾರೆ, ಮಾಣಿ ಓಡುತ್ತಾನೆ. ಕಂಪ್ಯೂಟರ್ ಕೊಡುವುದು ಬಹಳ ಸಣ್ಣ ಕರೆಂಟು. ಅದರಿಂದ ರಿಲೇಯೊಳಗಿನ ತಂತಿಸುರುಳಿ ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆಯುತ್ತದೆ, ಆಗ ಪಂಪಿಗೆ ಬೇಕಾದ ದೊಡ್ಡ ಕರೆಂಟು ಹರಿಯುತ್ತದೆ. ಮಿಲ್ಲಿನವರಿಗೆ ಹೇಳಬೇಕಾಗಿಲ್ಲ: ಹಸಿರು ಗುಂಡಿ ಒತ್ತಿದಾಗ ಸ್ಟಾರ್ಟರಿನಲ್ಲಿ "ಟಕ್" ಎನ್ನುವುದು ಇದೇ. ದೋಸೆ ಮೇಜಿಗೆ ಬರಲಿಲ್ಲವೆಂದು ಯಜಮಾನರನ್ನೇ ಬದಲಾಯಿಸುತ್ತೇವೆಯೇ?

ಪೆಟ್ರೋಲ್ ಗಾಡಿಯಲ್ಲಿ ಕೀಲಿ ತಿರುಗಿಸಿ ಕಿವಿಗೊಡಿರಿ. ಹಿಂದಿನ ಸೀಟಿನ ಕಡೆಯಿಂದ ಸಾಮಾನ್ಯವಾಗಿ ಎರಡು ಸೆಕೆಂಡು ಪಂಪಿನ ಗುಂಯ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಕೀಲಿ ಬಂದು ಮಾಡಿ, ಹಾರ್ನಿನ ರಿಲೇಯ ನಂಬರು, ಕಡ್ಡಿಗಳ ಜೋಡಣೆ ಒಂದೇ ಆಗಿದ್ದರೆ ಅದನ್ನು ತಂದು ಹಾಕಿ ನೋಡಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಮೀಟರ್. ರಿಲೇಯ ಕಡ್ಡಿಗಳಿಗೆ ನಂಬರು ಇರುತ್ತದೆ. ಸಾಮಾನ್ಯವಾಗಿ 30ಕ್ಕೆ ಬ್ಯಾಟರಿಯ 12 ವೋಲ್ಟು, 87ರಿಂದ ಕೆಲಸದ ಕಡೆಗೆ, 85 ಮತ್ತು 86 ಸುರುಳಿಯ ಎರಡು ತುದಿ. ಹೊರತೆಗೆದ ರಿಲೇಯ ಸುರುಳಿ ಸುಮಾರು 50ರಿಂದ 120 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. "ಟಕ್" ಎಂದಿತು, ಆದ್ದರಿಂದ ರಿಲೇ ಸರಿ ಎಂದು ನಂಬಬೇಡಿರಿ. ಒಳಗಿನ ಕಾಂಟ್ಯಾಕ್ಟ್ ಸುಟ್ಟಿದ್ದರೂ ಸದ್ದು ಬರುತ್ತದೆ. 1990ರ ದಶಕದ ಕೆಲವು ಹೋಂಡಾ ಗಾಡಿಗಳಲ್ಲಿ ಮೆಯಿನ್ ರಿಲೇಯ ಬೆಸುಗೆ ಬಿರುಕು ಬಿಟ್ಟು, ಬಿಸಿಲಿನಲ್ಲಿ ನಿಂತ ಗಾಡಿ ಏಳದೆ, ತಣ್ಣಗಾದ ಮೇಲೆ ಎದ್ದು, ಎಷ್ಟೋ ಮೆಕ್ಯಾನಿಕ್ಕುಗಳನ್ನು ಕುಣಿಸಿತ್ತು.

ಸ್ಕ್ಯಾನರ್ ಉತ್ತರ ಕೊಟ್ಟು ಪಿ 0685 ಎಂದರೆ ಮೆಯಿನ್ ರಿಲೇಯ ದಾರಿ, ಪಿ 0230 ಎಂದರೆ ಪಂಪಿನ ದಾರಿ. ಕೋಡು ಬೀದಿಯನ್ನು ಹೇಳುತ್ತದೆ, ಮನೆಯ ನಂಬರು ಹೇಳುವುದಿಲ್ಲ. ಆ ಬೀದಿಯಲ್ಲಿ ಫ್ಯೂಸು, ವೈರು, ಅರ್ತ್, ರಿಲೇ ಎಲ್ಲವೂ ಇವೆ. ಕಂಪ್ಯೂಟರಿನ ವೈರಿಗೆ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಲು ಮಾತ್ರ ಬಿಡಬೇಡಿರಿ. ಅದು ಎಳೆಯುವ ಕರೆಂಟಿಗೆ ಒಳ್ಳೆಯ ಕಂಪ್ಯೂಟರೂ ಸುಡಬಹುದು.

ಕಂಪ್ಯೂಟರ್ ಕೆಡುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ನೀರಿನಲ್ಲಿ ಮುಳುಗಿದ ಗಾಡಿಯ ಕಂಪ್ಯೂಟರ್ ನಿಜವಾಗಿ ಹೋಗಬಹುದು. ಕೆಲವು ಗಾಡಿಗಳಲ್ಲಿ ರಿಲೇಯನ್ನು ಕಂಪ್ಯೂಟರಿನ ಹಲಗೆಯ ಮೇಲೆಯೇ ಬೆಸೆದಿರುತ್ತಾರೆ. ಆಗಲೂ ಬೆಸುಗೆ ಬಲ್ಲವನು ಆ ರಿಲೇ ಒಂದನ್ನೇ ಬದಲಾಯಿಸಬಲ್ಲ. ಹಳೆಯ ಕಂಪ್ಯೂಟರ್ ತಂದು ಹಾಕುತ್ತೇನೆ ಎನ್ನುವವನನ್ನು ಕೀಲಿಯ ವಿಷಯ ಕೇಳಿರಿ. ಇಮೊಬಿಲೈಸರ್ ಇರುವ ಗಾಡಿಯಲ್ಲಿ ಕೀಲಿಗೂ ಕಂಪ್ಯೂಟರಿಗೂ ಹೊಂದಾಣಿಕೆ ಮಾಡದೆ ಎಂಜಿನ್ ನಡೆಯದು.

ಗ್ಯಾರೇಜಿನವರೆಲ್ಲ ಮೋಸಗಾರರೆಂದೂ ಅಲ್ಲ. ಅವರೂ ನಮ್ಮಂತೆ ಹತ್ತು ಹನ್ನೆರಡು ವಯಸ್ಸಿಗೆ ಕೆಲಸಕ್ಕೆ ನಿಂತವರು; ಮೀಟರ್ ಹಿಡಿಯುವುದನ್ನು ಅನೇಕರಿಗೆ ಯಾರೂ ಕಲಿಸಲಿಲ್ಲ. ಜಗಳಕ್ಕೆ ಹೋಗದೆ ಇಷ್ಟು ಕೇಳಿರಿ: "ಅಣ್ಣಾ, ಕಂಪ್ಯೂಟರಿಗೆ 12 ವೋಲ್ಟು ಬರುತ್ತಿದೆಯೇ, ಅರ್ತ್ ಸರಿಯಿದೆಯೇ, ನನ್ನೆದುರು ಅಳೆದು ತೋರಿಸು." ತೋರಿಸದವನಿಗೆ ಮುಂಗಡ ಕೊಡಬೇಡಿರಿ.

ಸಂಘದ ಪೆಟ್ಟಿಗೆಯಿಂದ ಒಂದು ಒಳ್ಳೆಯ ಮೀಟರ್ ಮತ್ತು ನಾಲ್ಕಾರು ರಿಲೇಗಳನ್ನು ಕೊಂಡು ಆಫೀಸಿನಲ್ಲಿಡಲು ಈ ಸಭೆ ಒಪ್ಪಿಗೆ ಕೊಡಬೇಕೆಂದು ಕೇಳುತ್ತೇವೆ. ಹೊರಗೆ ನಮ್ಮ ಬಂಧುಗಳ ಎರಡು ಗಾಡಿಗಳು ನಿಂತಿವೆ. ಚಹಾ ಆದ ಮೇಲೆ ಬಾನೆಟ್ ತೆಗೆಯೋಣ. ರಿಲೇ ಡಬ್ಬಿ ಎಲ್ಲಿದೆ ಎಂದು ಒಬ್ಬೊಬ್ಬರೂ ಕೈಯಿಟ್ಟು ನೋಡಿರಿ.