ಆಟ ನಮ್ಮದು, ಬೆಲೆ ಯಾರದು?

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಶಾಲೆಯ ಹಬ್ಬದಲ್ಲಿ ಬ್ಲಾಕ್‌ಚೈನ್ ಆಟದ ಮಾತೇಕೆ ಎಂದು ಕೆಲವು ಹಿರಿಯರು ಕೇಳಿದರಂತೆ. ಸಂಜೆ ಸಹಕಾರನಗರದ ಯಾವ ಬೇಕರಿ ಮುಂದೆ ನಿಂತರೂ ಹುಡುಗರ ಬಾಯಲ್ಲಿ ಟೋಕನ್, ವಾಲೆಟ್ ಎಂಬ ಮಾತು ಕೇಳುತ್ತದೆ. ಮನೆಯವರು ವಿಚಾರಿಸಿದರೆ ಅವರದು ಒಂದೇ ಉತ್ತರ: "ಇದು ಜೂಜಲ್ಲ, ಸ್ಕಿಲ್ ಗೇಮ್." ಆ ಉತ್ತರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೌಶಲ, ಅದೃಷ್ಟ ಎರಡೂ ನಮಗೆ ಹೊಸದಲ್ಲ. ಅಳಗುಳಿಮಣೆಯಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಕಾಳು ಎಣಿಸುವ ತಲೆ ಇದ್ದವರು ಗೆಲ್ಲುತ್ತಾರೆ. ಚೌಕಾಬಾರದಲ್ಲಿ ಕವಡೆ ಬೀಳುವುದು ಅದೃಷ್ಟ, ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂಬುದು ಬುದ್ಧಿ. ನಮ್ಮ ಅಜ್ಜಿಯರಿಗೆ ಬಾರ ಬೀಳದಿದ್ದರೂ ಗೆಲ್ಲುವ ದಾರಿ ಗೊತ್ತಿತ್ತು.

ನ್ಯಾಯಾಲಯಗಳೂ ಈ ಗೆರೆಯನ್ನು ಹುಡುಕುತ್ತಲೇ ಬಂದಿವೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಕೈಯಲ್ಲಿರುವುದನ್ನು ಜೋಡಿಸಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದಿತು. ಮೂರೆಲೆ ಆಟಕ್ಕೆ ಆ ಮರ್ಯಾದೆ ಸಿಗಲಿಲ್ಲ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೌಶಲದ ಆಟವನ್ನು ಜೂಜಿನ ಜೊತೆ ಒಂದೇ ಹಗ್ಗದಲ್ಲಿ ಕಟ್ಟಬಾರದು ಎಂಬುದು ಅದರ ತಿರುಳು. ಹುಡುಗರು ಹೇಳುವ ಉತ್ತರದ ಬೇರು ಇಲ್ಲಿದೆ.

ಇನ್ನು ಬ್ಲಾಕ್‌ಚೈನ್. ಒಬ್ಬ ಶಾನುಭೋಗರ ಕೈಯಲ್ಲಿರದೆ, ಒಂದೇ ಲೆಕ್ಕದ ಪ್ರತಿ ನೂರಾರು ಕಂಪ್ಯೂಟರುಗಳಲ್ಲಿ ಇರುವ ಖಾತೆ ಪುಸ್ತಕ ಎಂದುಕೊಳ್ಳಿ. ಯಾರೋ ಒಬ್ಬರು ರಾತ್ರೋರಾತ್ರಿ ತಿದ್ದಲಾಗದು. ಇದನ್ನು ಬಳಸುವ ಆಟಗಳಲ್ಲಿ ನಿಮ್ಮ ಕತ್ತಿ, ಪ್ರಾಣಿ, ನಾಣ್ಯ ಎಲ್ಲವೂ ನಿಮ್ಮ ಹೆಸರಿನಲ್ಲಿ ಆ ಪುಸ್ತಕ ಸೇರುತ್ತವೆ, ಮಾರಬಹುದು, ಕೊಳ್ಳಬಹುದು. ಅಂದರೆ ಆಟದ ಕಾಯಿಗೂ ಪೇಟೆ ಧಾರಣೆ ಬಂತು.

ಯಲಹಂಕ, ದೇವನಹಳ್ಳಿ ಕಡೆ ದ್ರಾಕ್ಷಿ ಬೆಳೆದವರು ಇಲ್ಲಿ ಕೂತಿದ್ದೀರಿ. ಬಳ್ಳಿ ಸವರುವುದು, ಔಷಧಿ ಹೊಡೆಯುವುದು ನಿಮ್ಮ ಕೌಶಲ. ಆಲಿಕಲ್ಲು ಬೀಳದಿರುವುದು ಅದೃಷ್ಟ. ಆದರೆ ಹಣ್ಣು ಪೇಟೆಗೆ ಹೋದ ದಿನದ ಬೆಲೆ? ಅದು ನಿಮ್ಮ ಕೈಯಲ್ಲಿಲ್ಲ, ಅದನ್ನು ಅದೃಷ್ಟವೆಂದೂ ಪೂರ್ತಿ ಹೇಳಲಾಗದು. ಎಷ್ಟು ಜನ ಕೊಳ್ಳಲು ಬಂದರು, ಎಷ್ಟು ಮಾಲು ಬಂತು ಎಂಬ ಲೆಕ್ಕ ಅದು. ಈ ಮೂರನೆಯದೇ ಬ್ಲಾಕ್‌ಚೈನ್ ಆಟದ ದೊಡ್ಡ ಪಾಲು. ಕೌಶಲವೋ ಅದೃಷ್ಟವೋ ಎಂದು ಜಗಳವಾಡುವಾಗ ಇದು ಕಣ್ಣಿಗೇ ಬೀಳುವುದಿಲ್ಲ.

ನನ್ನ ಸಹಪಾಠಿಯೊಬ್ಬರ ಮಗ ಡಿಪ್ಲೊಮಾ ಓದುತ್ತಿದ್ದ. ಫೀಸಿಗೆ ಇಟ್ಟಿದ್ದ 38,000 ರೂಪಾಯಿಯನ್ನು ಇಂಥದೊಂದು ಆಟಕ್ಕೆ ಹಾಕಿದ. ಗೆಳೆಯ ನನ್ನನ್ನು ಕರೆದ, ಹೋದೆ. ಹುಡುಗ ಫೋನು ನನ್ನ ಕೈಗಿಟ್ಟು, "ಅಂಕಲ್, ನಾನು ಸೋತೇ ಇಲ್ಲ, ನೋಡಿ" ಅಂದ. ನಿಜ. ನೂರಕ್ಕೆ ಅರವತ್ತು ಪಂದ್ಯ ಗೆದ್ದಿದ್ದ, ನಾಣ್ಯಗಳು ತಿಂಗಳು ತಿಂಗಳು ಹೆಚ್ಚಿದ್ದವು. ಮಾರಿದರೆ ಎಷ್ಟು ಬರುತ್ತದೆ ಎಂದು ಕೇಳಿದೆ. ಅವನೇ ಲೆಕ್ಕ ಹಾಕಿ ಹೇಳಿದ: ನಾಲ್ಕು ಸಾವಿರದ ಚಿಲ್ಲರೆ. ಅವನ ಅಪ್ಪ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಬೈಯಲು ಕಾರಣವೇ ಸಿಗದೆ ಮೌನವಾಗಿದ್ದರು. ಮಗ ದಡ್ಡನಲ್ಲ, ಆಟ ಬಾರದವನೂ ಅಲ್ಲ.

ಇದು ಒಬ್ಬ ಹುಡುಗನ ಕಥೆಯಲ್ಲ. ವಿಯೆಟ್ನಾಂನ ಕಂಪನಿ ಮಾಡಿದ ಆಕ್ಸಿ ಇನ್ಫಿನಿಟಿ ಎಂಬ ಆಟ 2021ರಲ್ಲಿ ಫಿಲಿಪೀನ್ಸಿನಲ್ಲಿ ಎಷ್ಟೋ ಮನೆಗಳ ಸಂಪಾದನೆಯಾಗಿತ್ತು. ಗೆದ್ದವರಿಗೆಲ್ಲ ಹೊಸ ನಾಣ್ಯ ಹುಟ್ಟುತ್ತಿತ್ತು. ಆ ನಾಣ್ಯದ ಮುಖ್ಯ ಉಪಯೋಗ ಆಟದ ಪ್ರಾಣಿಗಳ ಮರಿ ಮಾಡಿಸುವುದು. ಮರಿಗಳನ್ನು ಕೊಳ್ಳಲು ಹೊಸ ಆಟಗಾರರು ಬರುತ್ತಲೇ ಇರಬೇಕು. ಬರುವವರು ಕಡಿಮೆಯಾದರು, ಆ ಬೇಸಿಗೆಯಲ್ಲಿ 30 ಸೆಂಟಿನ ಮೇಲಿದ್ದ ನಾಣ್ಯ ಮರುವರ್ಷದ ನಡುವಿಗೆ ಒಂದು ಸೆಂಟಿಗೂ ಕೆಳಗಿಳಿಯಿತು. ಈ ನಡುವೆ 2022ರ ಮಾರ್ಚ್‌ನಲ್ಲಿ ಅದರ ಜಾಲದಿಂದ 60 ಕೋಟಿ ಡಾಲರಿಗೂ ಹೆಚ್ಚು ಕಳುವಾಯಿತು. ಚೆನ್ನಾಗಿ ಆಡುವವರು ಮೊದಲಿನಂತೆಯೇ ಚೆನ್ನಾಗಿ ಆಡುತ್ತಿದ್ದರು. ದ್ರಾಕ್ಷಿ ಬೆಲೆ ಬಿದ್ದರೆ ಮಕ್ಕಳಾದರೂ ತಿನ್ನುತ್ತವೆ!

"ಇಲ್ಲಿ ಮೋಸವಿಲ್ಲ, ನಾವೇ ಪರೀಕ್ಷೆ ಮಾಡಬಹುದು" ಎಂಬ ಇನ್ನೊಂದು ವಾದವಿದೆ. ಕೆಲವು ಆಟಗಳಲ್ಲಿ ದಾಳ ಉರುಳುವ ಮೊದಲೇ ಅದರ ಫಲಕ್ಕೆ ಒಂದು ಗುಪ್ತ ಮುದ್ರೆ ಒತ್ತಿ ತೋರಿಸುತ್ತಾರೆ. ನಂತರ ಬಿಚ್ಚಿ ತಾಳೆ ನೋಡಬಹುದು. ಒಳ್ಳೆಯ ವಿದ್ಯೆ, ನನಗೂ ಇಷ್ಟ. ಆದರೆ ಲೆಕ್ಕದ ಮೇಷ್ಟ್ರು ಇಲ್ಲೇ ಇದ್ದಾರೆ, ಕೇಳಿ: ಹತ್ತು ರೂಪಾಯಿ ಕಟ್ಟಿ ದಾಳ ಹಾಕುತ್ತೀರಿ, ಆರು ಬಿದ್ದರೆ ಐವತ್ತು ಕೊಡುತ್ತಾರೆ. ದಾಳ ಪೂರ್ತಿ ಪ್ರಾಮಾಣಿಕ. ಆರು ಸಲಕ್ಕೆ ಅರವತ್ತು ಕಟ್ಟಿದಿರಿ, ಸರಾಸರಿ ಐವತ್ತು ಬಂತು. ದಾಳ ಮೋಸ ಮಾಡಲಿಲ್ಲ, ಹತ್ತು ರೂಪಾಯಿ ಹೋಯಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಈ ಹಳೆಯ ಗೆರೆಯನ್ನೇ ಅಳಿಸಿತು. ಕೌಶಲವಿರಲಿ, ಅದೃಷ್ಟವಿರಲಿ, ಗೆದ್ದರೆ ಹಣ ಬರುತ್ತದೆಂದು ಹಣ ಕಟ್ಟಿ ಆಡುವುದಾದರೆ ಅಂಥ ಆಟ ನಡೆಸುವಂತಿಲ್ಲ. ಹಣ ಕೊಟ್ಟು ಕೊಂಡ ಟೋಕನ್ ಕೂಡ ಪಣವೇ ಎಂದು ಅದರಲ್ಲಿ ಬರೆದಿದೆ. ಶಿಕ್ಷೆ ನಡೆಸುವವರಿಗೆ, ಆಡುವವರಿಗಲ್ಲ. ಕಂಪನಿಗಳು ನಮ್ಮ ಹೈಕೋರ್ಟಿಗೇ ಬಂದವು, ಪ್ರಕರಣಗಳು ಸುಪ್ರೀಂ ಕೋರ್ಟಿಗೆ ವರ್ಗವಾದವು. ಪೂರ್ತಿ ನಿಷೇಧವೇ ಮದ್ದು ಎಂದು ನನಗನ್ನಿಸಿಲ್ಲ, ಹೊರದೇಶದ ಆ್ಯಪ್‌ಗಳು ಹಿತ್ತಿಲ ಬಾಗಿಲಿನಿಂದ ಬರುತ್ತವೆ. ಆದರೂ ಕಾನೂನು ಸರಿಯಾದ ಜಾಗಕ್ಕೆ, ಅಂದರೆ ಕಟ್ಟುವ ಹಣಕ್ಕೆ, ಕೈ ಹಾಕಿದೆ ಎಂದೇ ನನ್ನ ಅಭಿಪ್ರಾಯ.

ತೆರಿಗೆಯ ಮಾತನ್ನು ಮಕ್ಕಳ ತಂದೆತಾಯಿಗಳು ಗಮನಿಸಬೇಕು. 2022ರ ಏಪ್ರಿಲ್‌ನಿಂದ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ. 30 ತೆರಿಗೆ, ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಇನ್ನು ಯಾರಾದರೂ ಫೋನು ಮಾಡಿ, ಕಳೆದುಕೊಂಡ ನಾಣ್ಯ ವಾಪಸು ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂದರೆ ಕಟ್ಟಬೇಡಿ. ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಬ್ಯಾಂಕಿನಲ್ಲಿ ಹಣ ತಡೆಹಿಡಿಯುವ ಅವಕಾಶ ಹೆಚ್ಚು.