ಹೊಸನೀರು ಬಂದಾಗ ತೆಪ್ಪ ದಡದಲ್ಲಿರಲಿ

(ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಮಕ್ಕಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಶಾಲೆಯ ಬಗ್ಗೆ ಎರಡು ಮಾತನಾಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಶಾಲೆಯ ಬಗ್ಗೆ ಹೇಳುವವರು ಬಹಳ ಜನ ಇದ್ದಾರೆ, ನಾನು ಹೊಳೆಯ ಬಗ್ಗೆ ಹೇಳುತ್ತೇನೆ ಎಂದೆ. ಮಳೆಗಾಲದಲ್ಲಿ ತೆಪ್ಪ ಹತ್ತಿ ಮೀನಿಗೆ ಹೋಗುವವರು ಈ ಮಕ್ಕಳ ಸಾಲಿನಲ್ಲೂ ಇದ್ದೀರಿ. ಕೈ ಎತ್ತುವುದು ಬೇಡ, ನನಗೆ ಗೊತ್ತು. ನಾನೂ ಹೋದವನೇ.

ಒಂಬತ್ತನೇ ತರಗತಿಯಲ್ಲಿದ್ದಾಗ, ಆಷಾಢದ ಒಂದು ಭಾನುವಾರ, ನಾನೂ ನನ್ನ ಗೆಳೆಯನೂ ಅವರಪ್ಪನಿಗೆ ಹೇಳದೆ ತೆಪ್ಪ ಇಳಿಸಿದೆವು. ಹಿಂದಿನ ಸಂಜೆ ಬಿಟ್ಟ ಬಲೆ ಎತ್ತಬೇಕಿತ್ತು. ಊರಿನಲ್ಲಿ ಬಿಸಿಲು. ಮೋಡದ ತುಂಡೂ ಇರಲಿಲ್ಲ. ನಡುಹೊಳೆಗೆ ಹೋಗುವಷ್ಟರಲ್ಲಿ ನೀರಿನ ಬಣ್ಣ ಕೆಂಪಾಯಿತು. ಎಲೆ, ಕಡ್ಡಿ, ನೊರೆ ತೇಲಿ ಬಂತು. ತೆಪ್ಪ ಬುಗುರಿಯಂತೆ ತಿರುಗತೊಡಗಿತು. ಬಲೆ ಬಿಟ್ಟರೆ ಅಪ್ಪ ಕೊಲ್ಲುತ್ತಾರೆ ಎಂದು ಗೆಳೆಯ ಅದನ್ನೇ ಹಿಡಿದುಕೊಂಡ. ಬಲೆ ಸೆಳವಿಗೆ ಸಿಕ್ಕಿ ತೆಪ್ಪದ ಅಂಚನ್ನು ನೀರಿಗೆ ಎಳೆಯುತ್ತಿತ್ತು. ಅಷ್ಟರಲ್ಲಿ ದಡದಿಂದ ಅವರಪ್ಪನ ಕೂಗು ಕೇಳಿತು: "ಕುಯ್ದು ಬಿಸಾಕ್ರೋ ಬಲೇನ!" ಕುಯ್ದೆವು. ಕೆಳಗೆ ಒಂದು ಕಡೆ ಅವರು ಎಸೆದ ಹಗ್ಗ ಕೈಗೆ ಸಿಕ್ಕಿತು. ಆ ಬಲೆಯನ್ನು ಅವರು ಸಾಲ ಮಾಡಿ ತಂದಿದ್ದರು. ಆ ಸಾಲ ತೀರಲು ಒಂದು ವರ್ಷ ಹಿಡಿಯಿತು. ಆದರೆ ಒಂದು ದಿನವೂ ಅವರು ನಮ್ಮ ಮುಂದೆ ಆ ಮಾತು ಎತ್ತಲಿಲ್ಲ.

ಅವತ್ತು ನಮಗೆ ಗೊತ್ತಿಲ್ಲದ್ದು ಇಷ್ಟೇ: ನಮ್ಮ ಹೊಳೆಗೆ ನೀರು ನಮ್ಮೂರಿನ ಮಳೆಯಿಂದ ಬರುವುದಿಲ್ಲ. ಲಕ್ಷ್ಮಣತೀರ್ಥ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯಲ್ಲಿ. ಇರ್ಪು, ಹನಗೋಡು, ಹುಣಸೂರು ದಾಟಿ ನಮ್ಮ ಕಟ್ಟೆಗೆ ಬಂದು, ಮುಂದೆ ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. ಅಲ್ಲಿ ರಾತ್ರಿ ಸುರಿದ ಮಳೆ ಇಲ್ಲಿ ಬಿಸಿಲಿದ್ದಾಗ ಬಂದು ಮುಟ್ಟುತ್ತದೆ. 2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಹುಣಸೂರಿನ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನೀವೇ ನೋಡಿದ್ದೀರಿ. ಅದಕ್ಕೇ ಮೀನಿಗೆ ಹೋಗುವವನು ಆಕಾಶ ನೋಡಿದರೆ ಸಾಲದು, ನೀರು ನೋಡಬೇಕು. ದಡದಲ್ಲಿ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಕಡ್ಡಿ ಮುಳುಗುತ್ತಿದ್ದರೆ ತೆಪ್ಪ ಇಳಿಸಬೇಡಿ. ನೀರು ಕೆಂಪಾದರೆ, ಕಸಕಡ್ಡಿ ಬಂದರೆ, ಕಟ್ಟೆಯ ಸದ್ದು ಜೋರಾದರೆ ದಡಕ್ಕೆ ಬನ್ನಿ.

ಕಷ್ಟವೇನೆಂದರೆ, ಮೀನು ಸಿಗುವುದೂ ಅದೇ ಹೊತ್ತಿನಲ್ಲಿ. ಹೊಸನೀರಿಗೆ ಮೀನುಗಳು ಮೊಟ್ಟೆಯಿಡಲು ಹೊಳೆ ಹತ್ತುತ್ತವೆ. ಕಟ್ಟೆ ಅಡ್ಡ ಬಂದಾಗ ಅದರ ಬುಡದಲ್ಲಿ ಗುಂಪುಗೂಡುತ್ತವೆ. ಬಲೆ, ಗಾಳ, ಬುಟ್ಟಿ ಹಿಡಿದು ನಾವೂ ಅಲ್ಲಿಗೇ ಓಡುತ್ತೇವೆ. ಇಡೀ ಹೊಳೆಯಲ್ಲಿ ಅತಿ ಅಪಾಯದ ಜಾಗ ಅದೇ. ಕಟ್ಟೆಯ ಮೇಲಿಂದ ಬಿದ್ದ ನೀರು ತಳ ಮುಟ್ಟಿ, ಮೇಲೆದ್ದು, ಮತ್ತೆ ಕಟ್ಟೆಯ ಕಡೆಗೇ ಹೊರಳುತ್ತದೆ. ಅಲ್ಲಿ ಸಿಕ್ಕಿದ್ದು ಮರದ ದಿಮ್ಮಿಯಾಗಲಿ, ತೆಪ್ಪವಾಗಲಿ, ಮನುಷ್ಯನಾಗಲಿ ಒಂದೇ ಕಡೆ ಉರುಳುತ್ತಿರುತ್ತದೆ. ಒಳ್ಳೆಯ ಈಜುಗಾರನೂ ಅದರಿಂದ ಹೊರಬರುವುದು ಕಷ್ಟ. ಕಟ್ಟೆಯ ಮೇಲೆ ನೀರು ಹರಿಯುತ್ತಿರುವಾಗ ಅದರ ಮೇಲೂ ಬುಡಕ್ಕೂ ಯಾರೂ ಹೋಗಬಾರದು.

ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು, ಆದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಪತ್ರಿಕೆಯಲ್ಲಿ ಕ್ಯೂಸೆಕ್ ಎಂದು ಓದುತ್ತೀರಲ್ಲ, 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಹೆಚ್ಚುಕಡಿಮೆ ಎರಡು ಬಿಂದಿಗೆ. 10,000 ಕ್ಯೂಸೆಕ್ ಎಂದರೆ ಒಂದೊಂದು ಸೆಕೆಂಡಿಗೂ ಇಪ್ಪತ್ತು ಸಾವಿರ ಬಿಂದಿಗೆ ನೀರು. ಇನ್ನೊಂದು ವಿಷಯ: ಹರಿವಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ನಿನ್ನೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ, ಇವತ್ತೂ ನಿಲ್ಲುತ್ತೇನೆ ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ತೆಪ್ಪ ನಿಂತ ನೀರಿಗೆ ಬಹಳ ಒಳ್ಳೆಯ ವಾಹನ. ತಳ ಚಪ್ಪಟೆ, ಹಗುರ, ಒಬ್ಬನೇ ಹೊತ್ತು ತರಬಹುದು. ಸೆಳವಿನಲ್ಲಿ ಅದೇ ಗುಣ ಶತ್ರುವಾಗುತ್ತದೆ. ಅದಕ್ಕೆ ಮುಂದು ಹಿಂದು ಇಲ್ಲ, ನೀರು ತಿರುಗಿಸಿದತ್ತ ತಿರುಗುತ್ತದೆ. ಒಬ್ಬರು ಎದ್ದು ನಿಂತರೆ, ಎಲ್ಲರೂ ಒಂದೇ ಕಡೆಗೆ ಬಾಗಿದರೆ ಮಗುಚುತ್ತದೆ. ಎಚ್.ಡಿ. ಕೋಟೆ ಕಡೆಯ ನೆಂಟರು ಕಬಿನಿ ಹಿನ್ನೀರಿನಲ್ಲಿ ಬಲೆ ಬಿಡುತ್ತಾರೆ. ಅಲ್ಲಿ ಮುಳುಗಡೆಯಾದ ಕಾಡಿನ ಒಣಮರಗಳಿವೆ, ನೀರು ಏರಿದಾಗ ಮೊನೆಗಳು ಕಾಣುವುದಿಲ್ಲ, ತೆಪ್ಪದ ತಳ ಹರಿಯುತ್ತದೆ. ವಯನಾಡಿನಲ್ಲಿ ಮಳೆ ಹೆಚ್ಚಾದರೆ ಬೀಚನಹಳ್ಳಿಯ ಜಲಾಶಯದಿಂದ ನೀರು ಬಿಡುತ್ತಾರೆ. ಎಚ್ಚರಿಕೆ ಕೇಳಿದ ಮೇಲೂ ಕೆಳಗಿನ ಹೊಳೆಯಲ್ಲಿ ಇರಬಾರದು.

ಹೋಗಲೇಬೇಕಾದ ದೊಡ್ಡವರಿಗೆ ನಾಲ್ಕು ಮಾತು. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ. ಲೈಫ್ ಜಾಕೆಟ್ ಹಾಕಿಕೊಳ್ಳಿ, ತೆಪ್ಪದಲ್ಲಿ ಬಿಚ್ಚಿಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ಹರಿತವಾದ ಒಂದು ಚಾಕು ಕೈಗೆ ಸಿಗುವಂತಿರಲಿ, ಬಲೆಯ ಹಗ್ಗವನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಬೇಡಿ. ಮೊದಲ ಗುಡುಗು ಕೇಳಿದ ಕೂಡಲೇ ದಡ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮದ್ಯ ಕುಡಿದು ಹೊಳೆಗೆ ಇಳಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಮಕ್ಕಳೇ, ನಿಮಗೆ ಮುಖ್ಯವಾದದ್ದು ಇದು. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಎರಡು ಮೂರು ಜನ ಹೋದ ಸುದ್ದಿ ಪ್ರತಿವರ್ಷ ಓದುತ್ತೇವೆ. ಕೂಗಿ ಜನ ಸೇರಿಸಿ. ಹಗ್ಗ, ಬಿದಿರು ಗಳು, ಪಂಚೆ, ಸೀರೆ ಯಾವುದಾದರೂ ಎಸೆಯಿರಿ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನ್ ಸುಮಾರು 5 ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ, ಆರ್ಕಿಮಿಡೀಸ್ ಪಾಠ ನೆನಪಿದೆಯಲ್ಲ. ನೀರಿನಲ್ಲಿ ಮನುಷ್ಯನ ಮೂಗು ಬಾಯಿ ಮೇಲಿರಲು ಅಷ್ಟು ಆಸರೆಯೂ ದೊಡ್ಡದು. 112ಕ್ಕೆ ಕರೆ ಮಾಡಿ. ಮೇಲೆತ್ತಿದವನನ್ನು ತಲೆಕೆಳಗು ಮಾಡಿ ಹೊಟ್ಟೆ ಅದುಮಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ 30 ಸಲ ಒತ್ತಿ, ಮತ್ತೆ 2 ಉಸಿರು ಕೊಡಬೇಕು. ಸಹಾಯ ಬರುವವರೆಗೆ ಬಿಡಬಾರದು. ಇದನ್ನು ಕೇಳಿದರೆ ಬಾರದು, ಶಾಲೆಗೆ ಆರೋಗ್ಯ ಕಾರ್ಯಕರ್ತರನ್ನು ಕರೆಸಿ ಕೈಯಾರೆ ಕಲಿಯಿರಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನಿನ ಸಂತತಿಯೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ಸಮುದ್ರವನ್ನೇ ಬಲ್ಲವರು ಕಾಯುತ್ತಾರೆ ಎಂದರೆ ನಾವು ನಾಲ್ಕು ದಿನ ಕಾಯುವುದು ಅವಮಾನವಲ್ಲ.

ಅವತ್ತು ಬಲೆ ಕುಯ್ಯಿಸಿದ ಆ ತಂದೆ ಈಗಿಲ್ಲ. ಅವರ ಮಗ, ನನ್ನ ಗೆಳೆಯ, ಮೂರನೇ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಳಿತಿದ್ದಾನೆ. ನನ್ನ ಮಾತು ಮರೆತರೂ ಅವನ ಮುಖ ನೆನಪಿಟ್ಟುಕೊಳ್ಳಿ.