ನಾವು ನಿಂತ ನೆಲದ ನಾಡಿ
(ಕಳವಾದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಹಲವರು ಜೀವಮಾನದ ಉಳಿತಾಯವನ್ನು ಸುರಿದು ಕೊಂಡದ್ದು ಇಲ್ಲಿಯ ಒಂದು ಪುಟ್ಟ ಮನೆಯನ್ನು. ಆ ಮನೆ ನಿಂತ ನೆಲದ ಸ್ವಭಾವವೇನೆಂದು ಎಷ್ಟು ಮಂದಿ ವಿಚಾರಿಸಿದ್ದೇವೆ? ಹಳೆಯ ಕಟ್ಟಡಗಳನ್ನು ಕೆಡವಿ ಬಹುಮಹಡಿಗಳನ್ನು ಎಬ್ಬಿಸುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇನೆ.

1967ರ ಡಿಸೆಂಬರ್ 11ರಂದು ಕೊಯ್ನಾ ಕಂಪಿಸಿದಾಗ ಮುಂಬಯಿಯೂ ನಡುಗಿತ್ತು. 2002ರ ಭಾರತೀಯ ಮಾನಕವು ಮುಂಬಯಿ, ಠಾಣೆಗಳನ್ನು ಮೂರನೆಯ ಭೂಕಂಪ ವಲಯದಲ್ಲಿ ಇರಿಸಿತು. ಆದರೆ ವಲಯ ಒಂದೇ ಆದರೂ ನೆಲ ಒಂದೇ ಅಲ್ಲ. ಕಳವಾದ ಒಂದು ಬದಿಗೆ ಪಾರಸಿಕ್ ಗುಡ್ಡದ ಗಟ್ಟಿ ಬಸಾಲ್ಟ್ ಶಿಲೆ. ಇನ್ನೊಂದು ಬದಿಗೆ ಖಾಡಿಯ ಮೆತ್ತನೆಯ ಜೇಡಿ.

ನೆಲವು ಎಂದೂ ನಿಶ್ಚಲವಲ್ಲ. ಕಡಲಿನ ಅಲೆ, ಗಾಳಿ, ರೈಲು, ಲಾರಿಗಳು ಅದನ್ನು ನಮ್ಮ ಅರಿವಿಗೆ ಬಾರದಷ್ಟು ಸೂಕ್ಷ್ಮವಾಗಿ ಸದಾ ಕಂಪಿಸುತ್ತಿರುತ್ತವೆ. ಈ ಕಂಪನದಿಂದಲೇ ನೆಲದ ಗುಣವನ್ನು ಅರಿಯುವ ಒಂದು ಸುಲಭ ವಿಧಾನವನ್ನು ಜಪಾನಿನ ಯುಟಾಕಾ ನಕಾಮುರಾ 1989ರಲ್ಲಿ ಪ್ರಚುರಪಡಿಸಿದರು. ಭೂಕಂಪಮಾಪಕವನ್ನು ಸುಮಾರು ಅರ್ಧ ಗಂಟೆ ನೆಲದ ಮೇಲಿಟ್ಟು, ಅಡ್ಡ ಕಂಪನವನ್ನು ಲಂಬ ಕಂಪನದಿಂದ ಭಾಗಿಸಿದರೆ, ಮೆತ್ತನೆಯ ನೆಲದಲ್ಲಿ ಒಂದು ಆವರ್ತನದ ಬಳಿ ಶಿಖರ ಕಾಣುತ್ತದೆ. ಅದು ಆ ನೆಲದ ಸಹಜ ಆವರ್ತನ. ಗಟ್ಟಿ ಬಂಡೆಯ ಮೇಲೆ ಅಂಥ ಶಿಖರ ಸಾಮಾನ್ಯವಾಗಿ ಕಾಣದು.

ಒಂದು ಲೆಕ್ಕವನ್ನು ನೋಡೋಣ. ಬಂಡೆಯ ಮೇಲೆ 10 ಮೀಟರ್ ದಪ್ಪದ ಜೇಡಿಯಿದೆ, ಅದರಲ್ಲಿ ಅಡ್ಡ ಅಲೆಯ ವೇಗ ಸೆಕೆಂಡಿಗೆ 100 ಮೀಟರ್ ಎಂದಿಟ್ಟುಕೊಳ್ಳಿ. ವೇಗವನ್ನು ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಕಂಪನ. ಅಂದರೆ ಒಂದು ತೂಗಾಟಕ್ಕೆ 0.4 ಸೆಕೆಂಡು. ಸ್ಥೂಲವಾಗಿ ನಾಲ್ಕು ಮಹಡಿಯ ಕಟ್ಟಡದ ತೂಗಾಟವೂ ಅಷ್ಟೇ. ಎರಡರ ತಾಳ ಕೂಡಿದರೆ ಓಲಾಟ ಹಲವು ಪಟ್ಟು ಹೆಚ್ಚುತ್ತದೆ. ಜೇಡಿ ದಪ್ಪವಾದಂತೆ ಅಪಾಯವು ಎತ್ತರದ ಕಟ್ಟಡಗಳತ್ತ ಸರಿಯುತ್ತದೆ.

1985ರಲ್ಲಿ ಮೆಕ್ಸಿಕೊ ನಗರ ಇದನ್ನು ಅನುಭವಿಸಿತು. ಕಂಪದ ಕೇಂದ್ರ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿದ್ದರೂ, ಪುರಾತನ ಕೆರೆಯ ಪಾತ್ರದ ಮೇಲಿನ ಕಟ್ಟಡಗಳು ಕುಸಿದವು. 2001ರಲ್ಲಿ ಭುಜ್ ಕಂಪಿಸಿದಾಗ ದೂರದ ಅಹಮದಾಬಾದಿನಲ್ಲಿ ಬಹುಮಹಡಿಗಳು ಉರುಳಿದ್ದಕ್ಕೆ ಕಳಪೆ ಕಾಮಗಾರಿಯ ಜೊತೆಗೆ ಸಾಬರಮತಿಯ ಮೆಕ್ಕಲೂ ಕಾರಣವಾಯಿತು. ಧರ್ಮಾಂಬುಧಿ, ಸಂಪಂಗಿ ಕೆರೆಗಳನ್ನು ಮುಚ್ಚಿ ಬೆಳೆದ ನಮ್ಮ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇಂಥ ಸೂಕ್ಷ್ಮಕಂಪನಗಳನ್ನು ಅಳೆದಿದ್ದಾರೆ.

ಈ ವಿಧಾನ ಭೂಕಂಪದ ಭವಿಷ್ಯವನ್ನು ನುಡಿಯದು. ಕೊರೆದು ಮಾಡುವ ಮಣ್ಣಿನ ಪರೀಕ್ಷೆಗೆ ಬದಲಿಯೂ ಅಲ್ಲ. ರೈಲುಹಳಿಯ ಬಳಿ ಅಳೆಯುವಾಗ ಗಾಡಿ ಹಾಯ್ದ ಕ್ಷಣಗಳನ್ನು ಬಿಟ್ಟು ಲೆಕ್ಕ ಹಾಕಬೇಕು. ಆದರೂ ಅಲ್ಪ ವೆಚ್ಚದಲ್ಲಿ ಇಡೀ ನಗರದ ನಕ್ಷೆ ಬರೆಯಲು ಇದು ಬಹು ಉಪಯುಕ್ತ.

ಆದುದರಿಂದ ಸೊಸೈಟಿಯ ಸಭೆಯಲ್ಲಿ ಪುನರ್‌ನಿರ್ಮಾಣದ ಮಾತು ಬಂದಾಗ, ಎಷ್ಟು ಚದರಡಿ ಹೆಚ್ಚು ಸಿಗುವುದೆಂಬುದರ ಜೊತೆಗೆ, ಈ ನೆಲದ ಸಹಜ ಆವರ್ತನವೆಷ್ಟು, ಹೊಸ ಕಟ್ಟಡದ್ದೆಷ್ಟು ಎಂದೂ ಕೇಳೋಣ. ವಾರ್ಡುವಾರು ನಕ್ಷೆ ಬರೆಸಿ ಪ್ರಕಟಿಸುವಂತೆ ನಗರಪಾಲಿಕೆಯನ್ನು ಮರಾಠಿ ನೆರೆಯವರೊಡಗೂಡಿ ಒತ್ತಾಯಿಸೋಣ. ತೆರಿಗೆ ತೆರುವ ನಮಗೆ ಆ ಹಕ್ಕಿದೆ.